ತೋಟದ ಕಲ್ಲು ಮೀನಿನ ತೊಟ್ಟಿಗೆ ಬೇಡ

ಅಡಿಕೆ ಕೊಳೆರೋಗದ ಸುದ್ದಿಗೆಂದು ಸೊರಬ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆವು. ಜಗುಲಿಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಬರೀ ಕಲ್ಲು. ಮೀನೆಲ್ಲಿ ಎಂದು ಕೇಳಿದರೆ ಹುಡುಗ ಮುಖ ತಿರುಗಿಸಿದ. "ಹತ್ತು ತಂದಿದ್ದ, ವಾರದೊಳಗೆ ಎಲ್ಲ ಹೋದವು. ನಮ್ಮನೆಗೆ ಮೀನು ಆಗಿಬರಲ್ಲ ತಮ್ಮಾ" ಎಂದರು ಅಜ್ಜಿ. ಕಲ್ಲು ಎಲ್ಲಿಯದು? ತೋಟದ್ದು.

ಆಗಿಬರಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಒಂದೇ ದಿನ ಹೊಸ ನೀರಿಗೆ ಹತ್ತು ಮೀನು ಬಿಟ್ಟದ್ದು ಒಂದು ತಪ್ಪು, ಕಲ್ಲು ಇನ್ನೊಂದು. ಮಳೆಗೆ ಮುಂಚೆ ನಾವೆಲ್ಲ ತೋಟಕ್ಕೆ ಬೋರ್ಡೋ ಹೊಡೆಸುತ್ತೇವೆ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಗೊನೆಗೆ ಹೊಡೆದದ್ದು ಕೆಳಗಿನ ಕಲ್ಲಿಗೂ ಬೀಳುತ್ತದೆ, ವರ್ಷ ವರ್ಷವೂ. ಅದು ತುಸು ನೀರಿಗಿಳಿದರೂ ಮೀನಿಗೆ ವಿಷ, ಬಸವನಹುಳಕ್ಕೆ ಇನ್ನೂ ಬೇಗ. ಶಿಕಾರಿಪುರ ಕಡೆಯ ಶುಂಠಿ ಹೊಲ, ಮೆಕ್ಕೆಜೋಳದ ಹೊಲದ ಬದುವಿನ ಕಲ್ಲೂ ಅಷ್ಟೇ, ಅಲ್ಲಿ ಬೇರೆ ಔಷಧಿ.

ಹಾಗಂತ ಅಂಗಡಿಯ ಬಣ್ಣದ ಕಲ್ಲೇ ಬೇಕೆಂದಿಲ್ಲ. ಕೈಯಲ್ಲಿ ಉಜ್ಜಿದರೆ ಬಣ್ಣ ಬಿಡುವ ಸರಕೂ ಮಾರಾಟಕ್ಕಿದೆ. ಔಷಧಿ ನೀರು ಹರಿದು ಬರದ ಜಾಗದಲ್ಲಿ ಸಿಗುವ ನುಣುಪಾದ ಗಟ್ಟಿ ಕಲ್ಲು ಸಾಕು. ಒಣಗಿದ ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರು ದಿನೇ ದಿನೇ ಗಡುಸಾಗುತ್ತದೆ. ಮುರುಡೇಶ್ವರಕ್ಕೆ ಹೋದಾಗ ಹೆಕ್ಕಿ ತಂದ ಕಪ್ಪೆಚಿಪ್ಪೂ ಹೀಗೇ. ನಮ್ಮ ಜಂಬಿಟ್ಟಿಗೆ ಚೂರು ಉದುರಿ ನೀರು ಕೆಂಪಾಗುತ್ತದೆ, ಅದರ ಒರಟು ಅಂಚಿಗೆ ಗೋಲ್ಡ್ ಫಿಶ್‌ನ ರೆಕ್ಕೆ ಹರಿಯುತ್ತದೆ. ಹಬ್ಬ ಕಳೆದ ಮೇಲೆ ಉಳಿದ ಪಿಒಪಿ ಗಣಪತಿಯನ್ನು ಚೆಂದಕ್ಕೆಂದು ಒಳಗೆ ಕೂರಿಸುವುದನ್ನೂ ಕಂಡಿದ್ದೇವೆ. ಬಣ್ಣ, ಪುಡಿ ಎರಡೂ ನೀರಿಗೇ.

ತೊಳೆಯಲು ಸೋಪು, ವಿಮ್ ಬೇಡ. ಬ್ರಷ್‌ನಲ್ಲಿ ಉಜ್ಜಿ, ಬಕೆಟ್ಟಿನಲ್ಲಿ ವಾರ ನೆನೆಹಾಕಿ ದಿನಾ ನೀರು ಬದಲಿಸಿ. ಒಲೆಯ ಮೇಲಿಟ್ಟು ಕುದಿಸಲೇಬೇಡಿ: ಒಳಗೆ ತೇವ ಸಿಕ್ಕಿಕೊಂಡ ಕಲ್ಲು ಸಿಡಿಯಬಹುದು, ಮಕ್ಕಳು ಹತ್ತಿರದಲ್ಲೇ ನಿಂತಿರುತ್ತಾರೆ. ಇಡುವಾಗ ದೊಡ್ಡ ಕಲ್ಲನ್ನು ಮೊದಲು ತಳಕ್ಕೆ ಕೂರಿಸಿ, ಅಡಿಗೆ ತೆಳು ಥರ್ಮಾಕೋಲ್ ಹಾಳೆ ಇರಲಿ, ಜಲ್ಲಿ ಆಮೇಲೆ ಸುರಿಯಿರಿ. ಜಲ್ಲಿಯ ಮೇಲೆ ಕಲ್ಲಿಟ್ಟರೆ ಮೀನು ಕೆದಕಿ ಕೆದಕಿ ಅದು ವಾಲುತ್ತದೆ, ಗಾಜು ಒಡೆಯುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತುಂಬಿದರೆ ನೀರೇ 56 ಕೆಜಿ. ಟಿವಿ ಸ್ಟ್ಯಾಂಡು ತಡೆಯುತ್ತದೆಯೇ ನೋಡಿಕೊಳ್ಳಿ.

ಇನ್ನೊಂದು ಮಾತು, ಇದು ಮೀನಿನದ್ದಲ್ಲ. ಪರಿಚಯದವರೊಬ್ಬರ ವಾಟ್ಸಾಪ್ ಸ್ಟೇಟಸ್‌ನಲ್ಲಿ ತೊಟ್ಟಿಯೊಳಗೆ ಒಂದು ಕುದುರೆಯ ಕಾಲು ಕಂಡಿತು, ಹಳೇ ಕೆತ್ತನೆ. ವೀರಗಲ್ಲಿನ ಚೂರಿರಬೇಕು. ಬಳ್ಳಿಗಾವಿ, ತಾಳಗುಂದ ಇರುವ ನಾಡು ನಮ್ಮದು, ಹೊಲ ಉತ್ತರೂ ಇಂಥವು ಏಳುತ್ತವೆ. ಅಕ್ಷರ ಇರುವ, ಉಳಿಪೆಟ್ಟು ಬಿದ್ದ ಕಲ್ಲನ್ನು ದಯವಿಟ್ಟು ಎತ್ತಬೇಡಿ. ಎತ್ತಿದ್ದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂಗೆ ತಿಳಿಸಿ. ಸ್ಟೇಟಸ್ ಹಾಕಿದವರಿಗೆ ಫೋನ್ ಮಾಡಿದೆವು, ಬೇಸರ ಮಾಡಿಕೊಂಡರು. ನಾಳೆ ಮತ್ತೆ ಮಾಡುತ್ತೇವೆ.