ಬಿರುದು ಅಂದ್ರೆ ಹುಡುಗಾಟವಲ್ಲ!

ಪೋಸ್ಟರಿನಲ್ಲಿ ನೆಚ್ಚಿನ ನಟನ ಹೆಸರಿನ ಮುಂದೆ ಬಿರುದು ಬಿಟ್ಟುಹೋದರೆ ಟಾಕೀಸಿನ ಮುಂದೆ ಗಲಾಟೆ ಎಬ್ಬಿಸೋ ಜನ ನೀವು! ಅದಕ್ಕೇ ಈ ವಾರದ ಕಥೆ ನಿಮಗೆ ಬೇಗ ನಾಟುತ್ತೆ ಅಂತ ನನ್ನ ನಂಬಿಕೆ.

ಕೊರಿಯಾದ 'ಜ್ಯುವೆಲ್ ಇನ್ ದಿ ಪ್ಯಾಲೆಸ್' (2003) ಧಾರಾವಾಹಿ ನೋಡಿದ್ದೀರಾ? ಅರಮನೆಯಲ್ಲಿ ಎಲ್ಲರೂ ತಲೆ ಬಗ್ಗಿಸಿ 'ಚೊನ್ಹಾ' ಅಂತಾರೆ. ಅದು ರಾಜನಿಗೆ ಸಲ್ಲುವ ಮಾತು. ಚಕ್ರವರ್ತಿಗಾದರೆ 'ಪ್ಯೇಹಾ' ಅನ್ನಬೇಕು. ಈ ಒಂದು ಮಾತಿನ ಹಿಂದೆ ದೊಡ್ಡ ರಾಜಕೀಯವೇ ಇದೆ ಸ್ವಾಮಿ!

ಮೂಲ ಚೀನಾದಲ್ಲಿ. ಜೆಟ್ ಲೀ ಅಭಿನಯದ 'ಹೀರೋ' (2002) ಚಿತ್ರದಲ್ಲಿ ಬರುವ ಚಿನ್ ದೇಶದ ರಾಜ ಮೊದಲು ಬರೀ 'ವಾಂಗ್', ಅಂದರೆ ಅರಸ. ಕ್ರಿ.ಪೂ. 221ರಲ್ಲಿ ಉಳಿದ ರಾಜ್ಯಗಳನ್ನೆಲ್ಲ ನುಂಗಿದ ಮೇಲೆ 'ಹುವಾಂಗ್‌ದಿ' ಎಂಬ ಹೊಸ ಬಿರುದು ಧರಿಸಿದ. ಅಲ್ಲಿಗೆ 'ವಾಂಗ್' ಒಂದು ಮೆಟ್ಟಿಲು ಕೆಳಗಿಳಿಯಿತು! ಅದರ ಕೆಳಗೆ ಗೊಂಗ್, ಹೋವ್, ಬೊ, ತ್ಸು, ನಾನ್ ಎಂಬ ಐದು ಪದವಿಗಳು. ಕಡೆಯದು ನಮ್ಮ 'ನಾನು' ಅಲ್ಲ ಮತ್ತೆ, ಅಕ್ಷರದ ಅರ್ಥ ಗಂಡಸು!

1884ರಲ್ಲಿ ಜಪಾನ್ ಇದೇ ಐದನ್ನು ತನ್ನ ಶ್ರೀಮಂತ ಮನೆತನಗಳಿಗೆ ಹಂಚಿತು. ಡ್ರಾಕುಲಾ ಸಾಹೇಬರೂ ಅಲ್ಲಿ 'ಹಕುಶಾಕು', ಮೂರನೇ ಮೆಟ್ಟಿಲು!

ಈಗ ಕೊರಿಯಾಕ್ಕೆ ಬನ್ನಿ. ಚೀನಾದ ಚಕ್ರವರ್ತಿಗೆ ತಗ್ಗಿ, ಅಲ್ಲಿಯ ದೊರೆ ಶತಮಾನಗಳ ಕಾಲ 'ವಾಂಗ್' ಆಗಿಯೇ ಇದ್ದ. 1897ರಲ್ಲಿ ಗೊಜೊಂಗ್ ದೊರೆ ತಾನೂ 'ಹ್ವಾಂಗ್ಜೆ', ಚಕ್ರವರ್ತಿ ಎಂದು ಸಾರಿಬಿಟ್ಟ. ನಾವು ಯಾರ ಕೈಕೆಳಗೂ ಇಲ್ಲ ಅಂತ ಅರ್ಥ! ಆದರೆ ಆ ಪದಕ್ಕೆ ಆಯುಸ್ಸು ಹದಿಮೂರೇ ವರ್ಷ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ಗೊಜೊಂಗನ ಮಗ ಸುನ್‌ಜೊಂಗ್‌ನಿಂದ ಚಕ್ರವರ್ತಿ ಪದವಿ ಕಿತ್ತು, ಮತ್ತೆ 'ವಾಂಗ್' ಮಾಡಿತು. ಜತೆಗೆ 76 ಮಂದಿ ಕೊರಿಯನ್ನರಿಗೆ ತನ್ನ ಪದವಿಗಳನ್ನು ದಯಪಾಲಿಸಿತು. ಕೆಲವರು 'ಬೇಡಪ್ಪಾ' ಅಂತ ನಿರಾಕರಿಸಿದರು. ಉಳಿದವರು ಇಟ್ಟುಕೊಂಡರು.

ಮುಂದೇನಾಯ್ತು? ಹೊಸ ಸಂವಿಧಾನ ಬಂದು 1947ರಲ್ಲಿ ಜಪಾನಿನಲ್ಲೇ ಆ ಪದವಿಗಳು ರದ್ದಾದವು. ಜಪಾನಿಗೆ ಸಹಕರಿಸಿ ಗಳಿಸಿದ ಆಸ್ತಿ ಸರ್ಕಾರಕ್ಕೆ ಸೇರಬೇಕು ಅಂತ 2005ರಲ್ಲಿ ದಕ್ಷಿಣ ಕೊರಿಯಾ ಕಾನೂನೇ ಮಾಡಿತು. ಅಜ್ಜನ ಬಿರುದು ಮೊಮ್ಮಕ್ಕಳ ಜಮೀನಿಗೇ ಮುಳುವಾಯಿತು ನೋಡ್ರೀ!

ಬಿರುದು ಎಷ್ಟು ದೊಡ್ಡದು ಅನ್ನೋದಲ್ಲ, ಕೊಟ್ಟವರು ಯಾರು, ಯಾಕೆ ಕೊಟ್ಟರು ಅಂತ ನೋಡಬೇಕು. ಅಭಿಮಾನಿ ಮನಸಾರೆ ಕೊಟ್ಟದ್ದನ್ನು ಯಾವ ಸರ್ಕಾರವೂ ಕಿತ್ತುಕೊಳ್ಳೋಕಾಗಲ್ಲ. ಏನಂತೀರಿ?