ಚಿತ್ತವಿಕಲತೆಯ ಔಷಧವೂ ಸರ್ಕಾರದ ಹೊಣೆಯೂ

ಸ್ಕಿಜೋಫ್ರೀನಿಯಾ ಎಂದು ವೈದ್ಯರು ಕರೆಯುವ ಚಿತ್ತವಿಕಲತೆಯ ವಿಷಯದಲ್ಲಿ ನಮ್ಮ ಜನರೊಳಗೆ ಎರಡು ವಿಪರೀತ ಭಾವನೆಗಳು ಬೇರೂರಿವೆ. ಇದು ಗ್ರಹಚಾರ, ದೆವ್ವದ ಚೇಷ್ಟೆ, ಮದ್ದಿಗೆ ಬಗ್ಗತಕ್ಕದ್ದಲ್ಲವೆಂಬುದು ಒಂದು; ನಾಲ್ಕು ದಿನ ಗುಳಿಗೆ ನುಂಗಿಸಿದರೆ ಮನುಷ್ಯನು ಮೊದಲಿನಂತಾಗುವನೆಂಬುದು ಇನ್ನೊಂದು. ಇವೆರಡೂ ರೋಗಿಗೆ ಕೇಡನ್ನುಂಟುಮಾಡತಕ್ಕವೇ. ಆದಕಾರಣ ಔಷಧದ ಶಕ್ತಿಯೆಷ್ಟು, ಮಿತಿಯೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಚಿಕಿತ್ಸೆಯ ಚರಿತ್ರೆಯಲ್ಲಿ ಭಾರತಕ್ಕೂ ಸಲ್ಲತಕ್ಕ ಸ್ಥಾನವುಂಟು. ಸರ್ಪಗಂಧಿಯ ಬೇರು ಉನ್ಮಾದವನ್ನು ಶಮನಗೊಳಿಸುವುದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು 1931ರಲ್ಲಿಯೇ ಪ್ರಕಟಿಸಿದರು. ಅದರ ಸತ್ವವಾದ ರೆಸರ್ಪೀನನ್ನು ಬೇರ್ಪಡಿಸಿದವರು ಮಾತ್ರ ಸ್ವಿಟ್ಜರ್ಲೆಂಡಿನ ರಸಾಯನಜ್ಞರು, 1952ರಲ್ಲಿ. ಅದೇ ವರ್ಷ ಪ್ಯಾರಿಸಿನ ದೆಲೇ ಮತ್ತು ದೆನಿಕೆರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನನ್ನು ಪ್ರಯೋಗಿಸಿದರು. ಇದೇ ಮೇಲೆನಿಸಿ ರೆಸರ್ಪೀನು ಹಿಂದೆ ಸರಿಯಿತು. ನಮ್ಮ ಬೇರಿನ ಹೆಮ್ಮೆ ನಮಗಿರಲಿ. ಅದರಿಂದ ಇಂದಿನ ರೋಗಿಗೆ ಆಗಬೇಕಾದುದೇನೂ ಇಲ್ಲ.

ಔಷಧಗಳಿಂದಾಗುವ ಗುಣವೇನು? ಇಲ್ಲದ ದನಿಗಳು ಕಿವಿಗೆ ಬೀಳುವುದು, ನೆರೆಹೊರೆಯವರೆಲ್ಲ ತನ್ನ ಕೇಡಿಗೆ ಹವಣಿಸುತ್ತಿರುವರೆಂಬ ಭ್ರಮೆ, ಉದ್ರೇಕ ಇವು ಬಹುಮಂದಿಯಲ್ಲಿ ಇಳಿಯುತ್ತವೆ. ಕುಂದಿದ ಉತ್ಸಾಹ, ಜನರಲ್ಲಿ ವೈಮುಖ್ಯ, ಮಂಕಾದ ಬುದ್ಧಿ ಇವುಗಳ ಮೇಲೆ ಅವುಗಳ ಫಲ ಅಲ್ಪ. 65 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಪರಿಶೀಲನೆಯಂತೆ, ವರ್ಷದೊಳಗೆ ರೋಗವು ಮರುಕಳಿಸಿದ್ದು ಔಷಧವನ್ನು ಮುಂದುವರಿಸಿದವರಲ್ಲಿ ಶೇಕಡಾ 27 ಮಂದಿಗೆ. ಬದಲಾಗಿ ಹುಸಿ ಗುಳಿಗೆ ಪಡೆದವರಲ್ಲಿ ಶೇಕಡಾ 64 ಮಂದಿಗೆ. ಔಷಧವು ಸರ್ವರೋಗಹರವಲ್ಲ, ನಿರರ್ಥಕವಂತೂ ಅಲ್ಲವೇ ಅಲ್ಲ.

ಅದರ ಬಾಧೆಗಳನ್ನೂ ಮರೆಮಾಚಲಾಗದು. ಹಳೆಯ ಔಷಧಗಳಿಂದ ಕೈಕಾಲಿನ ನಡುಕ, ಬಿಗಿತ. ಹೊಸವುಗಳಲ್ಲಿ ಹಲವಕ್ಕೆ ಸ್ಥೂಲಕಾಯ, ಮಧುಮೇಹ. ಅಮೆರಿಕದಲ್ಲಿ ಸುಮಾರು 1,500 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೂರಕ್ಕೆ 74 ಮಂದಿ ತಮಗೆ ಗೊತ್ತುಪಡಿಸಿದ ಔಷಧವನ್ನು ಹದಿನೆಂಟು ತಿಂಗಳೊಳಗೆ ಬಿಟ್ಟರು. ಅನ್ಯೌಷಧಗಳಿಗೆ ಬಗ್ಗದ ರೋಗಿಗಳಲ್ಲಿ ಕ್ಲೋಜಪೀನಿನಿಂದ ನೂರಕ್ಕೆ 30 ಮಂದಿಗೂ, ಕ್ಲೋರ್‌ಪ್ರೊಮಜೀನಿನಿಂದ ಕೇವಲ 4 ಮಂದಿಗೂ ಗುಣ ಕಂಡಿತೆಂದು 1988ರಲ್ಲಿ ಸಿದ್ಧವಾಯಿತು. ಆದರೆ ಅದು ಕೆಲವರಲ್ಲಿ ರಕ್ತದ ಬಿಳಿಯ ಕಣಗಳನ್ನು ಕ್ಷಯಿಸುವುದರಿಂದ ಪದೇಪದೇ ರಕ್ತಪರೀಕ್ಷೆಯಾಗತಕ್ಕದ್ದು. ಅಂದಮೇಲೆ ಗುಳಿಗೆಯ ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಚಿಕಿತ್ಸೆಯಾಯಿತೆನ್ನಲಾಗದು. ಔಷಧವನ್ನು ಹೊಂದಿಸುವ, ಬದಲಿಸುವ, ವರ್ಷಗಟ್ಟಲೆ ವಿಚಾರಿಸಿಕೊಳ್ಳುವ ವೈದ್ಯನು ರೋಗಿಗೆ ಸಮೀಪದಲ್ಲಿರಬೇಕು.

ನಮ್ಮ ದೇಶದ ಸ್ಥಿತಿಯೇನು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ, ತೀವ್ರ ಮನೋರೋಗಿಗಳಲ್ಲಿ ನಾಲ್ವರಿಗೆ ಸುಮಾರು ಮೂವರು ಚಿಕಿತ್ಸೆಯಿಲ್ಲದೆ ಇದ್ದರು. ಔಷಧ ಸಿಕ್ಕದವರ ಗತಿಯೇನೆಂಬುದನ್ನು 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯು ತೋರಿಸಿತು. ಅಲ್ಲಿ ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಗುಡಿಸಲಿಗೆ ಬೆಂಕಿ ಬಿದ್ದಾಗ ಓಡಲಾರದೆ ಸುಟ್ಟುಹೋದರು.

ದಾರಿ ಕಾಣದೆ ಹೀಗಾಯಿತೆನ್ನುವಂತಿಲ್ಲ. ಜಿಲ್ಲೆಯ ಸಾಮಾನ್ಯ ವೈದ್ಯರನ್ನೇ ತರಬೇತುಗೊಳಿಸಿ ಮನೋರೋಗಿಗಳಿಗೆ ಊರ ಬಳಿಯಲ್ಲೇ ಔಷಧ ದೊರಕಿಸಬಹುದೆಂದು ಬಳ್ಳಾರಿ ಜಿಲ್ಲೆಯು 1980ರ ದಶಕದಲ್ಲಿಯೇ ತೋರಿಸಿಕೊಟ್ಟಿತು; 1996ರಲ್ಲಿ ಭಾರತ ಸರ್ಕಾರವು ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಅದೇ ಮೇಲ್ಪಂಕ್ತಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ 18ನೆಯ ಪ್ರಕರಣವು, ಅತ್ಯವಶ್ಯಕ ಪಟ್ಟಿಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೊದಲ್ಗೊಂಡು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸರ್ವಕಾಲದಲ್ಲಿಯೂ ಉಚಿತವಾಗಿ ದೊರೆಯತಕ್ಕದ್ದೆಂದು ವಿಧಿಸಿದೆ. ಕಾಯಿದೆಯ ‘ಸರ್ವಕಾಲ’ವೆಂಬ ಪದವು ಬಹು ಮುಖ್ಯವಾದುದು. ಒಂದು ತಿಂಗಳು ಗುಳಿಗೆಯಿದ್ದು ಮರುತಿಂಗಳು ಬರಿಗೈಯಲ್ಲಿ ಹಿಂದಿರುಗಬೇಕಾದ ಕೂಲಿಗಾರನ ಮಗನಿಗೆ ರೋಗ ಮರುಕಳಿಸಿದರೆ, ಆ ದೋಷವನ್ನು ಔಷಧದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆದುದರಿಂದ ಪ್ರತಿ ತಾಲ್ಲೂಕಿನಲ್ಲಿಯೂ ಈ ಔಷಧಗಳ ದಾಸ್ತಾನೆಷ್ಟು, ಎಷ್ಟು ದಿನ ತೀರಿಹೋಗಿತ್ತು, ಕ್ಲೋಜಪೀನಿಗೆ ಬೇಕಾದ ರಕ್ತಪರೀಕ್ಷೆಯ ಅನುಕೂಲವುಂಟೇ ಎಂಬುದನ್ನು ಸರ್ಕಾರದವರು ವರ್ಷಕ್ಕೊಮ್ಮೆ ಶಾಸನಸಭೆಯ ಮುಂದಿಡಬೇಕೆಂದು ಒತ್ತಾಯಪಡಿಸುತ್ತೇವೆ. ಮಹಾಜನರೂ ರೋಗಿಯನ್ನು ಕೋಣೆಯಲ್ಲಿ ಅಡಗಿಸದೆ ಆಸ್ಪತ್ರೆಗೆ ಕರೆತಂದು, ಅಲ್ಲಿ ಔಷಧವಿಲ್ಲವೆಂಬ ಉತ್ತರ ಬಂದರೆ ಕಾಯಿದೆಯನ್ನು ತೋರಿಸಿ ಕೇಳತಕ್ಕದ್ದು. ಇದು ದಾನವನ್ನು ಬೇಡುವ ಮಾತಲ್ಲ. ನ್ಯಾಯವಾಗಿ ಸಲ್ಲಬೇಕಾದುದನ್ನು ಕೇಳುವ ಮಾತು.