ಮೂತ್ರಪಿಂಡದೊಳಗಿನ ಅಂಟು

ಬೆಳಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿದ್ದರೆ ನಿದ್ದೆ ಸಾಲಲಿಲ್ಲವೆಂದು ಸುಮ್ಮನಾಗುತ್ತೇವೆ. ಸಂಜೆ ಪಾದ ಊದಿದರೆ ದಿನವಿಡೀ ನಿಂತು ಕೆಲಸ ಮಾಡಿದ್ದಕ್ಕೆ ಎನ್ನುತ್ತೇವೆ. ಮೂತ್ರದಲ್ಲಿ ಸೋಪಿನಂಥ ನೊರೆ ಕಂಡರಂತೂ ಯಾರಿಗೂ ಹೇಳುವುದೇ ಇಲ್ಲ. ಸಹೋದರಿಯರೇ, ಇವು ಮೂತ್ರಪಿಂಡದ ಉರಿಯೂತದ ಲಕ್ಷಣಗಳಾಗಿರಬಹುದು. ಅದಕ್ಕೆ ಕಾರಣಗಳು ಹಲವು. ಈ ಬಾರಿ ಲೂಪಸ್ ಎಂಬ ಕಾಯಿಲೆಯ ಬಗ್ಗೆ ತಿಳಿಯೋಣ. ಏಕೆಂದರೆ ಇದು ತಗಲಿದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆಗಳು ಅವು. ರಕ್ತದಲ್ಲಿರುವ ಬಿಳಿ ಕಣಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲದೆ ಹರಿದು ಹೋಗುತ್ತವೆ. ಎಲ್ಲಾದರೂ ಸೋಂಕು ತಗಲಿದರೆ ಆ ಜಾಗದ ರಕ್ತನಾಳದ ಒಳಗೋಡೆ 'ಸೆಲೆಕ್ಟಿನ್' ಎಂಬ ಅಂಟು ಅಣುಗಳನ್ನು ಹೊರಚಾಚುತ್ತದೆ. ಕೆ.ಆರ್. ಪುರದ ಕಡೆಯ ಖಾಲಿ ಸೈಟು ದಾಟಿ ಬರುವಾಗ ಬುರ್ಖಾದ ಅಂಚಿಗೆ ಹುಲ್ಲಿನ ಮುಳ್ಳು ಹತ್ತಿಕೊಳ್ಳುತ್ತದಲ್ಲ, ಹಾಗೆ ಅವು ಬಿಳಿ ಕಣವನ್ನು ಹಿಡಿದು ಅದರ ವೇಗ ತಗ್ಗಿಸುತ್ತವೆ. ಕಣ ಗೋಡೆಯ ಮೇಲೆ ಉರುಳುತ್ತಾ ಬಂದು, ಐಕ್ಯಾಮ್, ವಿಕ್ಯಾಮ್ ಎಂಬ ಇನ್ನೂ ಗಟ್ಟಿಯಾದ ಅಂಟುಗಳಿಗೆ ಕಚ್ಚಿಕೊಂಡು, ಗೋಡೆಯ ಸಂದಿನಿಂದ ನುಸುಳಿ ರೋಗಾಣುವಿನ ಬಳಿ ಸೇರುತ್ತದೆ.

ಇದು ಅಲ್ಲಾಹನು ನಮಗಿತ್ತ ರಕ್ಷಣೆ. ಹುಟ್ಟಿನಿಂದಲೇ ಈ ಅಂಟುವ ಶಕ್ತಿಯಿಲ್ಲದ ಮಕ್ಕಳು ಅಪರೂಪಕ್ಕೆ ಇರುತ್ತಾರೆ. ಅವರ ಹೊಕ್ಕುಳ ಬಳ್ಳಿ ವಾರಗಟ್ಟಲೆ ಕಳಚಿ ಬೀಳುವುದಿಲ್ಲ, ಸೋಂಕುಗಳು ಬೆನ್ನು ಬಿಡುವುದಿಲ್ಲ.

ಲೂಪಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿ ಬೀಳುತ್ತದೆ. ಸೋಂಕೇ ಇಲ್ಲದಿದ್ದರೂ ಜರಡಿಯ ಗೋಡೆ ಅಂಟಂಟಾಗಿ, ಬಿಳಿ ಕಣಗಳು ಗುಂಪು ಸೇರಿ ಅದನ್ನು ಹಾಳುಗೆಡವುತ್ತವೆ. ಆಗ ಪ್ರೋಟೀನ್ ಸೋರಿ ನೊರೆ ಬರುತ್ತದೆ, ಮೈ ಊದುತ್ತದೆ. ಇಂಥವರ ಮೂತ್ರದಲ್ಲಿ ವಿಕ್ಯಾಮ್ ಅಂಶವೂ ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ.

ಹಾಗಾದರೆ ಅಂಟನ್ನೇ ತಡೆದುಬಿಡಬಾರದೇ? ಬೇರೆ ಕಾಯಿಲೆಯೊಂದರಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಮೆದುಳು ಮತ್ತು ನರಗಳ ಕಾಯಿಲೆಗೆಂದು ಇಂಥ ಒಂದು ಔಷಧಿ, ನಟಾಲಿಝುಮ್ಯಾಬ್, 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕೆಲವರಿಗೆ ಮೆದುಳಿನ ಮಾರಕ ಸೋಂಕು ತಗಲಿದ್ದರಿಂದ 2005ರಲ್ಲಿ ಅದರ ಮಾರಾಟ ನಿಂತಿತು. 2006ರಲ್ಲಿ ಕಟ್ಟುನಿಟ್ಟಿನ ಷರತ್ತಿನೊಂದಿಗೆ ಮರಳಿತು. ಕಾವಲುಗಾರನ ಕೈ ಕಟ್ಟಿದರೆ ಕಳ್ಳನಿಗೂ ದಾರಿಯಾಗುತ್ತದೆ.

ಆದ್ದರಿಂದ ಲೂಪಸ್‌ಗೆ ಇಂದಿಗೂ ಮುಖ್ಯ ಔಷಧಿಗಳು ಸ್ಟೀರಾಯ್ಡ್, ಹೈಡ್ರಾಕ್ಸಿಕ್ಲೋರೊಕ್ವಿನ್, ಮೈಕೊಫಿನೊಲೇಟ್ ಮುಂತಾದವು. ಸ್ಟೀರಾಯ್ಡ್ ಮಾಡುವ ಕೆಲಸಗಳಲ್ಲೊಂದು, ಈ ಅಂಟು ಅಣುಗಳ ಉತ್ಪತ್ತಿಯನ್ನೇ ತಗ್ಗಿಸುವುದು. ಅದರ ಹೆಸರು ಕೇಳಿದರೇ ನಮ್ಮವರಿಗೆ ಭಯ. ಮುಖ ದುಂಡಗಾಯಿತು, ನೆಂಟರ ಮದುವೆಗೆ ಹೇಗೆ ಹೋಗುವುದು ಎಂದು ಮಾತ್ರೆ ಬಿಟ್ಟವರಿದ್ದಾರೆ. ಊತ ಇಳಿದಿದೆಯೆಂದ ಮಾತ್ರಕ್ಕೆ ಒಳಗಿನ ಅಂಟು ಇಳಿದಿರುವುದಿಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಕಡಿಮೆ ಮಾಡಬೇಕು. ಗಂಟುನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಮಾತ್ರ ಇಂಥ ಮೂತ್ರಪಿಂಡಕ್ಕೆ ನಿಜವಾದ ವೈರಿಗಳು.

ಮನೆಯ ಹಿರಿಯರ ಸಕ್ಕರೆ ಪರೀಕ್ಷೆಗೆ ಹಲಸೂರಿನ ಲ್ಯಾಬಿಗೆ ಕರೆದೊಯ್ಯುವ ಸೊಸೆ ತನ್ನ ಮೂತ್ರ ಪರೀಕ್ಷೆಯನ್ನು ಎಂದೂ ಮಾಡಿಸಿರುವುದಿಲ್ಲ. ದುಬಾರಿಯೇನಲ್ಲ, ಶಿವಾಜಿನಗರದ ಬೌರಿಂಗ್‌ನಂಥ ಸರಕಾರಿ ಆಸ್ಪತ್ರೆಯಲ್ಲೂ ಮಾಡಿಸಬಹುದು. ಮೂತ್ರದಲ್ಲಿ ಪ್ರೋಟೀನ್ ಅಥವಾ ರಕ್ತ ಕಂಡರೆ ಮೂತ್ರಪಿಂಡ ತಜ್ಞರನ್ನು ಕಾಣಿರಿ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಇದಕ್ಕೆಂದೇ ಸರಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಅವರು ಬಯಾಪ್ಸಿ ಬೇಕೆಂದರೆ ಹೆದರಬೇಡಿ. ಸೂಜಿಯಿಂದ ಎಳೆಯಷ್ಟು ಅಂಗಾಂಶ ತೆಗೆದು, ಎಷ್ಟು ಹಾನಿಯಾಗಿದೆ, ಯಾವ ಔಷಧಿ ಬೇಕು ಎಂಬುದನ್ನು ನಿರ್ಧರಿಸುತ್ತಾರೆ.

ಮದುವೆಯಾದವರು ಇನ್ನೊಂದನ್ನು ಗಮನಿಸಬೇಕು. ಮೈಕೊಫಿನೊಲೇಟ್ ಗರ್ಭದ ಮಗುವಿಗೆ ಹಾನಿಕರ. ಮಗು ಬೇಕೆನಿಸಿದರೆ ಮೊದಲೇ ವೈದ್ಯರಿಗೆ ತಿಳಿಸಿ ಔಷಧಿ ಬದಲಿಸಿಕೊಳ್ಳಿರಿ. ಕಾಯಿಲೆ ಹತೋಟಿಯಲ್ಲಿದ್ದು ಗರ್ಭ ಧರಿಸಿ, ಆರೋಗ್ಯವಂತ ಮಕ್ಕಳನ್ನು ಹೆತ್ತವರು ಬಹಳಷ್ಟು ಮಂದಿಯಿದ್ದಾರೆ. ರಮಝಾನ್ ಉಪವಾಸದ ಬಗ್ಗೆಯೂ ತಿಂಗಳು ಮುಂಚೆಯೇ ಕೇಳಿರಿ. ಕಾಯಿಲೆ ಉಲ್ಬಣಿಸಿರುವಾಗ ವೈದ್ಯರು ಬೇಡವೆಂದರೆ, ರೋಗಿಗೆ ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನೇ ಕೊಟ್ಟಿದೆ.